ಅಕ್ಕನ ಕಡತದ ಖಾಲಿ ದಿನಗಳು

"ಇರಬಹುದು," ಎಂದರು ಗಡಿಯಾರದಣ್ಣ.

ಅರ್ಧ ಗಂಟೆಯೊಳಗೆ ಅವರು ಆ ಮಾತು ಹೇಳಿದ್ದು ಅದು ಆರನೆಯ ಸಲ. ಗಡಿಯಾರ ಕೆಟ್ಟಿತ್ತೇ ಎಂದು ಕೇಳಿದರೆ ಇರಬಹುದು. ನಿಮ್ಮ ಗಮನ ತಪ್ಪಿತ್ತೇ ಎಂದರೆ ಇರಬಹುದು. ಯಾರಾದರೂ ನಿಮ್ಮ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದಾರೆಯೇ ಎಂದದ್ದಕ್ಕೂ ಅದೇ ಉತ್ತರ.

ಪತ್ತೇದಾರಿಕೆಗೆ ಇಳಿಯುವ ಮೊದಲು ನಾನು ಇಪ್ಪತ್ತು ವರ್ಷ ವಿಮೆ ಕಂಪನಿಯೊಂದಕ್ಕಾಗಿ ಸುಟ್ಟ ಗೋದಾಮುಗಳ ತನಿಖೆ ಮಾಡಿಕೊಂಡು ಬಂದವಳು. ತಪ್ಪು ಮಾಡಿದವನು "ಇಲ್ಲವೇ ಇಲ್ಲ" ಎನ್ನುತ್ತಾನೆ. ಮಾಡದವನು "ಅಯ್ಯೋ, ನಾನಾ?" ಎಂದು ಬಾಯಿ ಬಿಡುತ್ತಾನೆ. "ಇರಬಹುದು" ಎನ್ನುವವನು ಮಾತ್ರ ಬೆನ್ನ ಹಿಂದೆ ಇನ್ನೊಬ್ಬರನ್ನು ಬಚ್ಚಿಟ್ಟುಕೊಂಡಿರುತ್ತಾನೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ವಿಷಯ ಇಷ್ಟೇ: ದೂರದ ಒಂದು ಪಲ್ಸಾರ್ ನಕ್ಷತ್ರದ ಸುತ್ತ ಗ್ರಹ ಸಿಕ್ಕಿತೆಂದು ಈ ವೀಕ್ಷಣಾಲಯ ಊರೆಲ್ಲ ಸಾರಿತ್ತು, ಬೇರೆ ದೇಶದವರು ನೋಡಿ "ಅಲ್ಲೇನೂ ಇಲ್ಲ" ಎಂದಿದ್ದರು, ಈಗ ತಪ್ಪನ್ನೆಲ್ಲ ಮೂವತ್ತೊಂದು ವರ್ಷದಿಂದ ಗಡಿಯಾರ ಕಾಯುತ್ತಿದ್ದ ಈ ಮನುಷ್ಯನ ತಲೆಗೆ ಕಟ್ಟುತ್ತಿದ್ದರು.

ಗಡಿಯಾರದ ಕೋಣೆಗೆ ಒಂದರ ಹಿಂದೆ ಒಂದು ಎರಡು ಬಾಗಿಲು. ಚಪ್ಪಲಿ ಹೊರಗೆ ಬಿಟ್ಟು, ಅವರು ಕೊಟ್ಟ ರಬ್ಬರ್ ಚಪ್ಪಲಿ ಮೆಟ್ಟಿ ಒಳಗೆ ಬಂದಿದ್ದೆ. ಇಬ್ಬರಿಗಿಂತ ಹೆಚ್ಚು ಜನ ಒಳಗಿರುವ ಹಾಗಿಲ್ಲ, ಮೈಯ ಶಾಖಕ್ಕೂ ಗಡಿಯಾರ ಮುನಿಸಿಕೊಳ್ಳುತ್ತದಂತೆ. ಮುಳ್ಳೂ ಇಲ್ಲದ, ಸದ್ದೂ ಇಲ್ಲದ, ಕಬ್ಬಿಣದ ಕಪಾಟಿನಂಥ ಪೆಟ್ಟಿಗೆ ಅದು. ಪರಮಾಣು ಗಡಿಯಾರ.

"ಅಣ್ಣಾ, ಐದು ಗಂಟೆಗೆ ಸಮಿತಿ ಸೇರತ್ತೆ. ನಿಮ್ಮನ್ನ ಕೆಲಸದಿಂದ ತೆಗೀತಾರೆ."

"ಗೊತ್ತು."

"ಮೂರು ತಿಂಗಳಿಗೆ ಹೇಗೂ ನಿವೃತ್ತಿ ಆಗ್ತೀರಿ, ಅದು ಬಿಡಿ. ಆದ್ರೆ ಸುಳ್ಳು ಗ್ರಹ ಹುಟ್ಟಿಸಿದ ಗಡಿಯಾರ ಅಂತ ಇದರ ಹೆಸರು ದಾಖಲೆಯಲ್ಲಿ ಉಳಿಯತ್ತೆ. ಅದರ ಪಕ್ಕದಲ್ಲಿ ನಿಮ್ಮ ಹೆಸರು."

ಅವರು ಬಟ್ಟೆಯ ತುಂಡಿನಿಂದ ಪೆಟ್ಟಿಗೆಯ ಅಂಚನ್ನು ಒರೆಸಿದರು. ಅಲ್ಲಿ ಧೂಳೇನೂ ಇರಲಿಲ್ಲ.

"ಒಂದೇ ಒಂದು ದಿನ ಇದು ತಪ್ಪಿದ್ದು ನಿಮಗೆ ನೆನಪಿದೆಯಾ?"

ಅವರ ತುಟಿ ಅಲುಗಿತು. "ಇಲ್ಲ" ಎನ್ನುವುದು ಗಂಟಲ ತನಕ ಬಂದಿತ್ತು, ನಾನು ನೋಡಿದೆ. ನುಂಗಿಕೊಂಡರು.

"ಇರಬಹುದಮ್ಮ. ವಯಸ್ಸಾಯ್ತಲ್ಲ."

ನನಗೆ ಕೆಲಸ ಕೊಟ್ಟವಳು ಅವರ ಮಗಳು. ಶಾಲೆಯಲ್ಲಿ ಗಣಿತದ ಟೀಚರ್. ನನ್ನ ಎರಡೂ ಕೈ ಹಿಡಿದು, "ಅಪ್ಪನ ಗಡಿಯಾರ ತಪ್ಪಿಲ್ಲ ಅಂತ ತೋರಿಸಿಕೊಡಿ ಮೇಡಂ, ಅಷ್ಟೇ ಸಾಕು," ಎಂದು ಅತ್ತಿದ್ದಳು. ಅಷ್ಟೇ ಸಾಕು ಎನ್ನುವ ಕಕ್ಷಿದಾರರನ್ನೂ ನಾನು ಪೂರ್ತಿ ನಂಬುವುದಿಲ್ಲ. ಆದರೂ ಆ ಅಳು ನಿಜವಾದದ್ದು. ಅದಕ್ಕೇ ಒಪ್ಪಿಕೊಂಡಿದ್ದೆ.

ಹೊರಗೆ ಬರುವಾಗ ಎರಡೂವರೆ. ಕಾರಿಡಾರಿನಲ್ಲಿ ನಿರ್ದೇಶಕರು ಎದುರಾದರು. ಸದಾ ನಗುಮುಖ. ಇಂಥವರು ಬೈದರೂ ಆಶೀರ್ವಾದ ಮಾಡಿದ ಹಾಗೇ ಕೇಳುತ್ತದೆ.

"ನೋಡಿ ಮೇಡಂ, ಗಡಿಯಾರದವರ ತಪ್ಪು ಅಂತ ನಾವು ಹೇಳ್ತಾನೇ ಇಲ್ಲ. ಗಡಿಯಾರದ ಹೊಣೆ ಅವರದು ಅಂತ ಅಷ್ಟೇ."

"ಅಂದ್ರೆ ಅಳಿಯ ಅಲ್ಲ, ಮಗಳ ಗಂಡ."

ನಕ್ಕರು. "ತಂಗಿಯ ಕಡತ ಬೇಕಾದ್ರೆ ದಾಖಲೆ ಕೋಣೆಯಲ್ಲಿ ಮೇಜಿನ ಮೇಲೇ ಇಡಿಸಿದೀನಿ. ಆರಾಮಾಗಿ ನೋಡಿ."

"ಅಕ್ಕನದು?"

"ಅದ್ಯಾಕೆ? ಧೂಳು ಹಿಡಿದು ಕೂತಿದೆ. ಸಮಿತಿಯೇ ಅದನ್ನ ನೋಡಲಿಲ್ಲ."

ಬೇಡ ಎಂದ ಕಡೆಗೇ ನನ್ನ ಕಾಲು ಮೊದಲು ಹೋಗುವುದು. ಅದು ಹುಟ್ಟುಗುಣ.

ಅಕ್ಕ, ತಂಗಿ ಎಂದರೆ ಎರಡು ಪಲ್ಸಾರ್‌ಗಳು. ಅವಕ್ಕೆ ಉದ್ದುದ್ದ ಸಂಖ್ಯೆಯ ಹೆಸರುಗಳಿವೆ, ಆದರೆ ಇಲ್ಲಿನವರು ಮನೆಮಂದಿಯನ್ನು ಕರೆಯುವಂತೆ ಹೀಗೇ ಕರೆಯುತ್ತಾರೆ. ಎರಡೂ ಸತ್ತ ನಕ್ಷತ್ರಗಳು. ಸತ್ತ ಮೇಲೂ ಗಿರಗಿರ ತಿರುಗುತ್ತ, ಸುತ್ತಿಗೊಂದು ಸಲ ರೇಡಿಯೋ ಮಿಡಿತ ಕಳಿಸುತ್ತವೆ. ಮಿಡಿತ ಎಷ್ಟು ಕರಾರುವಾಕ್ಕು ಎಂದರೆ ಮುಂದಿನ ವರ್ಷ ಇಂಥ ದಿನ ಇಂಥ ಕ್ಷಣಕ್ಕೆ ಬರುತ್ತದೆ ಎಂದು ಇವತ್ತೇ ಬರೆದಿಡಬಹುದು. ನಕ್ಷತ್ರದ ಸುತ್ತ ಗ್ರಹವೊಂದು ತಿರುಗುತ್ತಿದ್ದರೆ ಅದು ನಕ್ಷತ್ರವನ್ನು ಒಂದಿಷ್ಟು ಅತ್ತ ಇತ್ತ ಎಳೆಯುತ್ತದೆ. ಆಗ ಮಿಡಿತ ಕೆಲವು ತಿಂಗಳು ಚೂರು ಬೇಗ, ಕೆಲವು ತಿಂಗಳು ಚೂರು ತಡ. ಗ್ರಹವನ್ನು ಯಾರೂ ಕಣ್ಣಿಂದ ನೋಡುವುದಿಲ್ಲ. ಈ ಬೇಗ-ತಡದ ಏರಿಳಿತವೇ ಗ್ರಹದ ಸುಳಿವು.

ತಂಗಿಯಲ್ಲಿ ಆ ಏರಿಳಿತ ಕಂಡಿತ್ತು. ಸಮಿತಿ ಹೇಳಿದ್ದು: ತಡವಾದದ್ದು ಮಿಡಿತವಲ್ಲ, ನಮ್ಮ ಗಡಿಯಾರವೇ ಹಿಂದೆ ಮುಂದೆ ಓಡಿದೆ.

ನಾನು ವಿಜ್ಞಾನಿಯಲ್ಲ. ಆದರೆ ಮನೆಗೆ ಕರೆದ ನೆಂಟರಲ್ಲಿ ಒಬ್ಬರು ತಡವಾಗಿ ಬಂದರೆ ತಪ್ಪು ಅವರದು, ಎಲ್ಲರೂ ತಡವಾಗಿ ಬಂದಂತೆ ಕಂಡರೆ ನಮ್ಮ ಗೋಡೆಯ ಗಡಿಯಾರ ಮುಂದೆ ಓಡುತ್ತಿದೆ ಎಂಬಷ್ಟು ತಿಳಿವಳಿಕೆ ನನಗೂ ಉಂಟು. ಅಕ್ಕನನ್ನೂ ತಂಗಿಯನ್ನೂ ಅಳೆಯುತ್ತಿದ್ದದ್ದು ಪ್ರತಿ ಸಲವೂ ಒಂದೇ ಬೆಳಿಗ್ಗೆ, ಒಂದೇ ಗಡಿಯಾರದಿಂದ.

ಅಕ್ಕನ ಕಡತದ ಧೂಳು ಕೊಡವಿ ಬಿಡಿಸಿದೆ. ವರ್ಷವಿಡೀ ಅಕ್ಕ ಒಂದು ಎಳೆಯೂ ಆಚೀಚೆ ಆಗಿರಲಿಲ್ಲ.

ಗಡಿಯಾರ ನಿರಪರಾಧಿ! ನನಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ಮೇಜು ಕುಟ್ಟಿದೆ. ಇವರೆಲ್ಲ ಸೇರಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದರು.

ಆದರೆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಅಕ್ಕನ ಕಡತದಲ್ಲಿ ನಡುವೆ ಇಪ್ಪತ್ತೊಂದು ದಿನ ಖಾಲಿ ಇತ್ತು. ಮೂರೂವರೆಗೆ ಮೊದಲ ಬಾರಿ ತಂಗಿಯ ಕಡತವನ್ನು ಎಳೆದುಕೊಂಡೆ. ಅದೇ ಇಪ್ಪತ್ತೊಂದು ದಿನಗಳಲ್ಲಿ ಅಲ್ಲಿ ಹನ್ನೊಂದು ಅಳತೆಗಳಿದ್ದವು.

ಹನ್ನೊಂದನ್ನೂ ಒಂದು ಹಾಳೆಗೆ ಇಳಿಸಿಕೊಂಡು ವರ್ಕ್‌ಶಾಪಿಗೆ ಹೋದೆ. ಮೇಸ್ತ್ರಿ ಗ್ರೀಸು ಮೆತ್ತಿದ ಕೈಯನ್ನು ಚಿಂದಿಗೆ ಒರೆಸುತ್ತಿದ್ದ. ಆ ಭಾರಿ ರೇಡಿಯೋ ದೂರದರ್ಶಕಕ್ಕೆ ಅವನು ಕರೆಯುತ್ತಿದ್ದದ್ದು ತಟ್ಟೆ ಎಂದು.

"ಆ ಮೂರು ವಾರಾನಾ? ತಟ್ಟೆ ಎಲ್ಲಿ ನೋಡ್ತಿತ್ತು ಮೇಡಂ, ಬೇರಿಂಗ್ ಒಡೆದು ಮಲಗಿತ್ತು. ನಾಲ್ಕು ದಿನದಲ್ಲಿ ಆಗತ್ತೆ ಅಂದ್ಕೊಂಡ್ವಿ. ಹೊಸ ಬೇರಿಂಗ್ ಬರೋಕೆ ಇಪ್ಪತ್ತೊಂದು ದಿನ ಹಿಡೀತು. ತಟ್ಟೆ ಒಳಗೆ ಹಕ್ಕಿ ಗೂಡು ಕಟ್ಟಿತ್ತು."

"ಮಧ್ಯೆ ಒಂದು ಹೊತ್ತು ಏನಾದ್ರೂ ಓಡಿಸಿದ್ರಾ?"

"ಕರೆಂಟ್ ತೆಗೆದು ಬೀಗ ಹಾಕಿದ್ದೆ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ನನ್ನ ಹೆಂಡ್ತಿ ಕೇಳಿದ್ರೂ ಕೊಡ್ತಿರಲಿಲ್ಲ."

ಮಲಗಿದ್ದ ತಟ್ಟೆ ಹನ್ನೊಂದು ದಿನ ಬೆಳಿಗ್ಗೆ ಎದ್ದು ನಕ್ಷತ್ರ ನೋಡಿದೆ. ಅಂದರೆ ಯಾರೋ ಕೂತು ಬರೆದಿದ್ದಾರೆ. ಯಾರು?

ಮೊದಲು ನೋಡಬೇಕಾದದ್ದು ಲಾಭ ಯಾರಿಗೆ ಎಂದು. ಗ್ರಹ ಕಂಡುಹಿಡಿದವನೆಂದು ಹೆಸರು ಪಡೆದವನು ಒಬ್ಬ ಯುವ ವಿಜ್ಞಾನಿ. ಗಡಿಯಾರದಣ್ಣನ ಮಗಳ ಗಂಡ. ಅದಕ್ಕೇ ಇಡೀ ಆಫೀಸು ಅವನನ್ನು "ಅಳಿಯಂದ್ರು" ಎಂದು ಕಿಚಾಯಿಸುತ್ತಿತ್ತು. ಮಾವ ಯಾರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಾರೆ ಎಂಬುದು ಈಗ ಸ್ಪಷ್ಟವಾಯಿತು ಎಂದುಕೊಂಡೆ. ಅಪ್ಪನನ್ನು ಉಳಿಸಿ ಎಂದು ನನ್ನ ಕೈ ಹಿಡಿದವಳಿಗೆ ಗಂಡನನ್ನು ಕಳೆದುಕೊಳ್ಳಬೇಕಾಗುತ್ತದೆ ಎಂದು ಹೇಗೆ ಹೇಳುವುದು?

ನಾಲ್ಕು ಗಂಟೆಗೆ ಅಳಿಯನ ಕೋಣೆಯ ಬಾಗಿಲು ತಟ್ಟಿದೆ. ಮೇಜಿನ ತುಂಬ ಕಾಗದ, ಕಿಟಕಿಯಲ್ಲಿ ಔಷಧಿ ಬಾಟಲಿ, ಕುರ್ಚಿಗೆ ಹಾಕಿದ ಸ್ವೆಟರು. ಮನುಷ್ಯ ಬೆಂಡಾಗಿದ್ದ.

"ಕೂತ್ಕೊಳ್ಳಿ. ಮಾವ ಏನಾದ್ರೂ ಹೇಳಿದ್ರಾ?"

"ಇರಬಹುದು ಅಂದ್ರು. ನಿಮ್ಮ ಮಾತು ಕೇಳೋಣ ಅಂತ ಬಂದೆ. ಗಡಿಯಾರ ಸರಿ ಇತ್ತು. ಅಕ್ಕನ ಕಡತ ನೋಡಿದೆ."

ಅವನ ಮುಖ ಅರಳಿತು. ನನಗೆ ಅದು ಸರಿ ಕಾಣಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ಯಾಕೆ ನಗುತ್ತಾನೆ?

"ನಾನೂ ಅದನ್ನೇ ಬಡ್ಕೊಂಡೆ! ಅಕ್ಕನ್ನ ನೋಡಿ ಸಾರ್ ಅಂತ ನಿರ್ದೇಶಕರಿಗೆ ಎರಡು ಸಲ ಹೇಳಿದೆ. ಸಮಿತಿ ಮುಂದೆ ಮಾತಾಡಬೇಡ, ಮಾವನ ಪರ ವಹಿಸ್ದೆ ಅಂತಾರೆ ಅಂದ್ರು. ಗಡಿಯಾರ ಸರಿ ಇದ್ರೆ ಗ್ರಹ ನಿಜ ಮೇಡಂ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅಳ್ತಾ ಇದ್ದೆ."

"ತುತ್ತಿನಲ್ಲಿ ಕಲ್ಲಿದೆ." ಹಾಳೆಯನ್ನು ಮುಂದಿಟ್ಟೆ. "ಈ ಹನ್ನೊಂದು ಅಳತೆ ಯಾವಾಗ ತಗೊಂಡ್ರಿ?"

"ನಾನಲ್ಲ. ಆಗ ನನಗೆ ಟೈಫಾಯ್ಡ್, ತಿಂಗಳು ಪೂರ್ತಿ ಆಸ್ಪತ್ರೆ. ಡ್ಯೂಟಿ ಮೇಲಿದ್ದವರು ತಗೊಂಡಿರ್ತಾರೆ."

"ತಟ್ಟೆ ಮಲಗಿತ್ತು."

"ನಾಲ್ಕೇ ದಿನ."

"ಇಪ್ಪತ್ತೊಂದು ದಿನ. ಮೇಸ್ತ್ರಿ ಹತ್ತಿರ ಬೀಗದ ಕೈ ಇತ್ತು. ನಾಲ್ಕೇ ದಿನ ಅಂತ ನಿಮಗೆ ಯಾರು ಹೇಳಿದ್ದು?"

"ಮನೇಲಿ ಹೇಳಿದ್ಲು. ದಿನಾ ಅವಳೇ ಆಸ್ಪತ್ರೆಗೆ ಸುದ್ದಿ ತರ್ತಿದ್ದಿದ್ದು…"

ಮಾತು ಅಲ್ಲೇ ನಿಂತಿತು. ಮನೇಲಿ. ನಮ್ಮ ಗಂಡಸರಿಗೆ ಹೆಂಡತಿ ಎನ್ನುವುದಕ್ಕೆ ಇರುವ ಮೆತ್ತನೆಯ ಮಾತು. ಅವನು ಆಡಿದ ಮಾತು ಅವನಿಗೇ ಈಗ ಕೇಳಿಸಿತ್ತು.

ಹಾಳೆಯನ್ನು ಕಸಿದುಕೊಂಡ. ಬೆರಳು ಮೊದಲ ಸಾಲಿನ ಮೇಲೆ ನಿಂತಿತು, ಎರಡನೆಯದಕ್ಕೆ ಇಳಿಯಿತು, ಮೂರನೆಯದರ ತನಕ ಹೋಯಿತು. ಮುಂದಕ್ಕೆ ಓದಲಿಲ್ಲ. ಹಾಳೆಯನ್ನು ಮಗುಚಿ ಇಟ್ಟ.

"ಏನು ಕಂಡಿತು?"

"ಏನಿಲ್ಲ."

"ನೋಡಿ, ನನಗೆ ಸುಳ್ಳು ಹೇಳೋರು ನಿಮಗಿಂತ ಚೆನ್ನಾಗಿ ಹೇಳಿದಾರೆ. ನಿಮ್ಮ ಮಾವ ಒಳಗೆ ಕೂತು ಮೂವತ್ತೊಂದು ವರ್ಷದ ಮರ್ಯಾದೆ ಕಳ್ಕೊಳ್ತಿದಾರೆ."

ಅವನು ಕಿಟಕಿಯ ಕಡೆ ನೋಡಿಕೊಂಡು ಹೇಳಿದ.

"ನಮ್ಮಲ್ಲಿ ದಿನ ಶುರುವಾಗೋದು ಮಧ್ಯಾಹ್ನ ಹನ್ನೆರಡಕ್ಕೆ. ರಾತ್ರಿಯೆಲ್ಲ ನಕ್ಷತ್ರ ನೋಡೋವಾಗ ನಡುವೆ ತಾರೀಖು ಬದಲಾಗಬಾರದು ಅಂತ ಹಳಬರು ಮಾಡಿದ ರೂಢಿ. ಬೇರೆ ಕಡೆ ಬಿಟ್ಟಿದಾರೆ, ಇಲ್ಲಿ ಬಿಟ್ಟಿಲ್ಲ. ಅದಕ್ಕೇ ಬೆಳಿಗ್ಗೆಯ ಅಳತೆ ಹಿಂದಿನ ದಿನದ ಲೆಕ್ಕಕ್ಕೆ ಹೋಗತ್ತೆ. ಎಡಗಡೆ ನಮ್ಮ ತಾರೀಖು, ಬಲಗಡೆ ಕ್ಯಾಲೆಂಡರಿನದು. ಎಡಗಡೆ ಆರು ಇದ್ರೆ ಬಲಗಡೆ ಏಳು ಇರಬೇಕು."

ಹಾಳೆ ತಿರುಗಿಸಿ ನೋಡಿದೆ. ಮೊದಲ ಸಾಲು: ಎಡಗಡೆ ಒಂಬತ್ತು, ಬಲಗಡೆ ಒಂಬತ್ತು. ಎರಡನೆಯದು: ಹನ್ನೊಂದು, ಹನ್ನೊಂದು.

"ಅಂದ್ರೆ ಇದನ್ನ ಬರೆದವರು ವೀಕ್ಷಣೆಗೆ ಕೂತೋರಲ್ಲ. ನಿಮ್ಮ ಗ್ರಹದ ಏರಿಳಿತಕ್ಕೆ ಸರಿಯಾಗಿ ಲೆಕ್ಕ ಹಾಕಬಲ್ಲವರು. ಆದ್ರೆ ಈ ಮಧ್ಯಾಹ್ನದ ರೂಢಿ ಗೊತ್ತಿಲ್ಲದವರು."

"ನಾನೇ ಬರೆದಿದ್ದು," ಎಂದ ಥಟ್ಟನೆ. "ಜ್ವರದ ತಲೆ. ತಪ್ಪಾಗಿದೆ. ನಾನೇ ಅಂತ ಬರ್ಕೊಳ್ಳಿ. ಸಹಿ ಹಾಕ್ತೀನಿ."

"ಈಗ ತಾನೇ ನಾನಲ್ಲ ಅಂದ್ರಿ."

"ಆಗ ಸುಳ್ಳು ಹೇಳಿದೆ."

"ಇಲ್ಲ. ಈಗ ಹೇಳ್ತಿದೀರಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನನಗೆ ಅವನ ಮೇಲಿದ್ದ ಅನುಮಾನವೆಲ್ಲ ಹೋಗಿ ಅದರ ಜಾಗಕ್ಕೆ ಸಂಕಟ ಬಂದು ಕೂತಿತು. ಒಂದೇ ಮನೆಯ ಇಬ್ಬರು ಗಂಡಸರು, ಒಬ್ಬ ಇರಬಹುದು ಎನ್ನುತ್ತಾನೆ, ಇನ್ನೊಬ್ಬ ನಾನೇ ಎನ್ನುತ್ತಾನೆ. ಇಬ್ಬರೂ ಒಬ್ಬಳನ್ನೇ ಕಾಯುತ್ತಿದ್ದರು, ಆ ಒಬ್ಬಳೇ ನನ್ನನ್ನು ಇಲ್ಲಿಗೆ ಕರೆಸಿದ್ದಳು.

ಅವನ ಅರೆಬರೆ ತಪ್ಪೊಪ್ಪಿಗೆಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಸಮಿತಿ ಸೇರುವ ಕೋಣೆಯ ಹೊರಗೆ ಟೀಚರ್ ಬೆಂಚಿನ ಮೇಲೆ ಕೂತಿದ್ದಳು. ಶಾಲೆಯಿಂದ ನೇರ ಬಂದಿರಬೇಕು, ತೊಡೆಯ ಮೇಲೆ ಉತ್ತರ ಪತ್ರಿಕೆಗಳ ಕಟ್ಟು, ಬೆರಳಲ್ಲಿ ಕೆಂಪು ಶಾಯಿ.

"ಮೇಡಂ! ಗಡಿಯಾರ ಸರಿ ಇತ್ತು ಅಂತ ಸಿಕ್ಕಿತಾ?"

"ಸಿಕ್ಕಿತು."

"ದೇವರೇ!" ಕಣ್ಣು ತುಂಬಿಕೊಂಡಳು. "ಹಾಗಾದ್ರೆ ಅಪ್ಪ ಉಳಿದ್ರು."

ಪಕ್ಕದಲ್ಲಿ ಕೂತೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಟೀಚರ್, ಯಜಮಾನರು ಆಸ್ಪತ್ರೆಯಲ್ಲಿದ್ದಾಗ ತಂಗಿಯ ಕಡತ ತುಂಬಿದ್ದು ನೀವಾ?"

ಕೆಂಪು ಶಾಯಿಯ ಬೆರಳು ಕಟ್ಟಿನ ದಾರವನ್ನು ಬಿಗಿಯಾಗಿ ಹಿಡಿಯಿತು. ಅವಳು ನಿರಾಕರಿಸಲಿಲ್ಲ. ಅಳಲೂ ಇಲ್ಲ.

"ಜ್ವರದಲ್ಲಿ ಅದನ್ನೇ ಕನವರಿಸ್ತಿದ್ರು. ಇನ್ನೊಂದಿಷ್ಟು ಅಳತೆ ಇದ್ದಿದ್ರೆ ಸಾಕಿತ್ತು, ಗ್ರಹ ಇದೆ, ಕೈ ತಪ್ಪಿ ಹೋಗತ್ತೆ ಅಂತ. ಡಾಕ್ಟರು ಎರಡು ದಿನ ಏನೂ ಹೇಳಕ್ಕಾಗಲ್ಲ ಅಂದಿದ್ರು. ಇದ್ದ ಅಳತೆಗಳನ್ನ ಗ್ರಾಫ್ ಹಾಳೆ ಮೇಲೆ ಹಾಕಿ ಗೆರೆ ಎಳೆದೆ. ಮಧ್ಯದ ಬಿಂದುಗಳು ಎಲ್ಲಿ ಬರ್ತವೆ ಅಂತ ಎಂಟನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ. ಕಡತ ಅಚ್ಚಾಗೋದು ಕಂಪ್ಯೂಟರಿನಿಂದ ತಾನೇ, ಅವರ ಪಾಸ್‌ವರ್ಡ್ ನನಗೆ ಗೊತ್ತಿತ್ತು." ಉಸಿರು ಎಳೆದುಕೊಂಡಳು. "ಗ್ರಹ ನಿಜವಾಗಿ ಇದೆ ಅಂತಾನೇ ನಂಬಿದ್ದೆ. ಅಪ್ಪನ ಕುತ್ತಿಗೆಗೆ ಬರತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

"ಹನ್ನೊಂದು ಸುಳ್ಳು ಬರೆದಿದೀರಿ, ಟೀಚರ್."

ಅವಳು ತಲೆಯೆತ್ತಿ, ತಪ್ಪು ಉತ್ತರ ಹೇಳಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದಳು.

"ಹನ್ನೊಂದಲ್ಲ ಮೇಡಂ. ಎಂಟು."

"ಹನ್ನೊಂದು."

"ಎಂಟು. ಬರೆದವಳಿಗೆ ಗೊತ್ತಿರಲ್ವಾ? ಒಂಬತ್ತನೇ ತಾರೀಖಿನಿಂದ ಇಪ್ಪತ್ಮೂರರ ತನಕ ದಿನ ಬಿಟ್ಟು ದಿನ. ಎಂಟು."

ಹಾಳೆಯನ್ನು ಬಿಡಿಸಿದೆ. ಎಂಟು ಸಾಲುಗಳಲ್ಲಿ ಎಡಗಡೆಗೂ ಬಲಗಡೆಗೂ ಒಂದೇ ತಾರೀಖು. ಒಂಬತ್ತನೆಯ ಸಾಲಿಗೆ ಬಂದಾಗ ನನ್ನ ಬೆರಳೂ ನಿಂತಿತು. ಎಡಗಡೆ ಇಪ್ಪತ್ನಾಲ್ಕು, ಬಲಗಡೆ ಇಪ್ಪತ್ತೈದು. ಮುಂದಿನ ಎರಡೂ ಹಾಗೆಯೇ. ಮಧ್ಯಾಹ್ನದ ರೂಢಿ ಚೆನ್ನಾಗಿ ಬಲ್ಲ ಕೈ ಅದು. ಟೀಚರ್ ಕದ್ದು ಬರೆದದ್ದನ್ನು ಯಾರೋ ನೋಡಿದ್ದರು. ನೋಡಿ, ತಡೆಯದೆ, ಸಾಲದಾಗಿದ್ದ ಮೂರನ್ನು ತಾವೇ ಸೇರಿಸಿದ್ದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ನಿರ್ದೇಶಕರು. ಅದೇ ನಗು. ಒಳಗೆ ಉದ್ದ ಮೇಜಿನ ಕೊನೆಯಲ್ಲಿ ಗಡಿಯಾರದಣ್ಣ ಒಬ್ಬರೇ ಕೂತಿದ್ದರು. ಸಮಿತಿಯವರು ಇನ್ನೂ ಬಂದಿರಲಿಲ್ಲ.

"ಬನ್ನಿ ಮೇಡಂ, ಎಲ್ಲ ಸಲೀಸಾಗಿ ಮುಗೀತು. ಅವರೇ ಒಪ್ಪಿಕೊಂಡ್ರು, ಪಾಪ. ಸಾಕ್ಷಿ ಅಂತ ನಿಮ್ಮದೊಂದು ಸಹಿ ಬೇಕಿತ್ತು."

ಕೈಗಿತ್ತ ಹಾಳೆ ಓದಿದೆ, ಬರಹ ನಿರ್ದೇಶಕರದೇ. 'ಅಳಿಯನ ಏಳಿಗೆಗಾಗಿ ತಂಗಿಯ ಕಡತದಲ್ಲಿ ಹನ್ನೊಂದು ಸುಳ್ಳು ಅಳತೆಗಳನ್ನು ನಾನೇ ಸೇರಿಸಿರುತ್ತೇನೆ.' ಗಡಿಯಾರದ ಮಾತೇ ಮಾಯ. ಕೆಳಗೆ ಗಡಿಯಾರದಣ್ಣನ ಸಹಿ, ಅದರ ಪಕ್ಕದಲ್ಲಿ ಜೀವಮಾನದ ಅಭ್ಯಾಸದಂತೆ ಸಹಿ ಹಾಕಿದ ಹೊತ್ತು, ಸೆಕೆಂಡಿನ ಸಮೇತ: ಮೂರು ಗಂಟೆ, ನಾಲ್ಕು ನಿಮಿಷ, ಹದಿನೇಳು ಸೆಕೆಂಡು.

ಮೂರು ಗಂಟೆ ನಾಲ್ಕು ನಿಮಿಷಕ್ಕೆ ನಾನಿನ್ನೂ ತಂಗಿಯ ಕಡತವನ್ನು ಮುಟ್ಟಿಯೇ ಇರಲಿಲ್ಲ. ಬರೆದವಳು ಎಂಟು ಎನ್ನುತ್ತಾಳೆ. ಹನ್ನೊಂದು ಎಂದು ಆ ಹೊತ್ತಿಗೇ ಗೊತ್ತಿದ್ದವರು ಉಳಿದ ಮೂರನ್ನು ಬರೆದವರು ಮಾತ್ರ.

ಗಡಿಯಾರದಣ್ಣ ದೂರದಿಂದಲೇ ನನ್ನತ್ತ ನೋಡಿ ತಲೆ ಅಲ್ಲಾಡಿಸಿದರು. ಬೇಡ, ಬಿಟ್ಟುಬಿಡಿ ಎಂದು. ಆ ಮೂರನ್ನು ಹೊರಗೆಳೆದರೆ ಮಗಳ ಎಂಟೂ ಹೊರಗೆ ಬರುತ್ತವೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನಗುತ್ತ ಪೆನ್ನು ಚಾಚಿ ನಿಂತವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಟೀಚರ್ ನನ್ನ ಭುಜದ ಮೇಲಿಂದ ಆ ಹಾಳೆಯನ್ನು ಓದಿ ಮುಗಿಸಿದ್ದಳು. ಉತ್ತರ ಪತ್ರಿಕೆಗಳ ಕಟ್ಟನ್ನು ಬೆಂಚಿನ ಮೇಲಿಟ್ಟು, ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನನಗಿಂತ ಮೊದಲು ಒಳಗೆ ಕಾಲಿಟ್ಟಳು.

"ಪೆನ್ನು ನನಗೆ ಕೊಡಿ ಸಾರ್," ಎಂದಳು. "ಲೆಕ್ಕ ತಪ್ಪಿದೆ."

ನಿರ್ದೇಶಕರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅವರು ಬಾಗಿಲನ್ನು ನನ್ನ ಮುಖಕ್ಕೇ ಮುಚ್ಚಿ ಒಳಗಿನಿಂದ ಚಿಲಕ ಹಾಕಿದರು.